ಬಾಗಿಲು ತೆರೆಯದ ಗೆಂಡೆ ಮೀನು

ಬಹಳ ಹಿಂದೆ, ಕರೆದರೆ ಮೋಡಗಳು ಓಗೊಡುತ್ತಿದ್ದ ಕಾಲದಲ್ಲಿ, ನೂರುಕೊಳ ಎಂಬ ಒಂದು ರಾಜ್ಯವಿತ್ತು. ಹೆಸರಿಗೆ ತಕ್ಕಂತೆ ಅಲ್ಲಿ ನೂರು ಕೊಳಗಳಿದ್ದವು. ನೂರರಲ್ಲೂ ಗೆಂಡೆ ಮೀನು ಸಾಕುತ್ತಿದ್ದರು. ಅಲ್ಲಿನ ಜನಕ್ಕೆ ಮೀನೇ ಹೊಲ, ಮೀನೇ ಹೈನು.

ರಾಜ್ಯದ ಬಡಗಣ ದಿಕ್ಕಿಗೆ ಒಂದು ಬೋಳುಗುಡ್ಡ. ಅಲ್ಲಿ ಹೊಗೆಮಾರನೆಂಬ ಮಾಂತ್ರಿಕನಿದ್ದ. ಒಂದು ದಿನ ಅವನು ರಾಜ ವೀರಸೋಮನ ಮುಂದೆ ಬಂದು ನಿಂತು, "ನೂರು ಕೊಳವನ್ನೂ ನನಗೆ ಬಿಟ್ಟುಕೊಡು" ಎಂದ. ರಾಜ ಆಗದು ಎಂದ. ಹೊಗೆಮಾರ ಅಂಗೈಯಲ್ಲಿದ್ದ ಚಿಟಿಕೆ ಬೂದಿಯನ್ನು ಗಾಳಿಗೆ ಊದಿ ಹೊರಟುಹೋದ.

ಮೂರನೆಯ ದಿನಕ್ಕೆ ಮೀನುಗಳು ನೀರಿನ ಮೇಲೆ ಬಂದು ಗಿರಗಿರನೆ ಸುತ್ತತೊಡಗಿದವು. ಕಿವಿರಿನ ಕೆಳಗೆ ಕೆಂಪು ಕಲೆಗಳೆದ್ದವು. ಸುತ್ತಿ ಸುತ್ತಿ ಹೊಟ್ಟೆ ಮೇಲಾಗಿ ಸತ್ತವು. ಒಂದು ಕೊಳ ಸತ್ತ ಹಾಗೆಲ್ಲ ಹೊಗೆಮಾರ ಒಂದೊಂದು ತಾಳೆಮರದಷ್ಟು ಎತ್ತರವಾಗುತ್ತಿದ್ದ. ಗುಡ್ಡದ ಮೇಲೆ ಕೂತು ಬೆಳೆಯುವ ಅವನನ್ನು ಊರಿನವರೆಲ್ಲ ಅಂಗಳದಿಂದಲೇ ನೋಡುತ್ತಿದ್ದರು.

ಒಂಬತ್ತನೆಯ ಕೊಳವನ್ನು ಕಾಯುತ್ತಿದ್ದವನು ಭರಮ, ಇಪ್ಪತ್ತರ ಹರೆಯದವನು. ಅವನ ಕೊಳದಲ್ಲೂ ಮೀನುಗಳು ಒಂದೊಂದಾಗಿ ಸಾಯತೊಡಗಿದವು. ಆದರೆ ಏಳು ಮೀನು ಮಾತ್ರ ಏನೂ ಆಗದ ಹಾಗೆ ಈಜಾಡಿಕೊಂಡಿದ್ದವು.

"ಅದೇ ನೀರು, ಅದೇ ತೌಡು, ಅದೇ ಹಿಂಡಿ. ಹಾಕಿದ್ದೂ ಇದೇ ಕೈ. ಅವು ಯಾಕೆ ಸತ್ತವು, ಇವು ಯಾಕೆ ಉಳಿದವು ಅವ್ವಾ?" ಎಂದು ಭರಮ ತಾಯಿಯನ್ನು ಕೇಳಿದ.

"ನನಗೂ ತಿಳಿಯದು ಮಗಾ" ಎಂದಳು ಸಂಕವ್ವ.

ರಾಜನಿಗೆ ಮಾತ್ರ ಎಲ್ಲ ತಿಳಿದಿತ್ತು. "ಆ ಏಳೂ ಮಾಂತ್ರಿಕನ ಕಡೆಯವು. ಇಲ್ಲದಿದ್ದರೆ ಬದುಕುತ್ತಿದ್ದವೇ? ಎಲ್ಲ ಕೊಳಕ್ಕೂ ಸುಣ್ಣ ಸುರಿಯಿರಿ. ಒಂದು ಮೀನೂ ಉಳಿಯಬಾರದು" ಎಂದು ಅಪ್ಪಣೆ ಮಾಡಿದ.

ಭರಮ ಓಡಿಹೋಗಿ ಕಾಲಿಗೆ ಬಿದ್ದ. "ಮಹಾಪ್ರಭು, ಈ ಏಳನ್ನು ನನಗೆ ಬಿಡಿ."

"ಅವು ಉಳಿದದ್ದು ಹೇಗೆ, ಹೇಳಬಲ್ಲೆಯಾ?"

"ಗೊತ್ತಿಲ್ಲ ಪ್ರಭು. ಗೊತ್ತಿಲ್ಲದೆ ಕೊಲ್ಲುವುದಕ್ಕೆ ಮನಸ್ಸು ಬರುತ್ತಿಲ್ಲ."

ರಾಜ ಅವನನ್ನು ಕೈಹಿಡಿದು ಎಬ್ಬಿಸಿದ. "ಒಂಬತ್ತನೆಯ ಕೊಳ ನಿನ್ನದು. ಅಲ್ಲಿಂದ ರೋಗ ಹೊರಗೆ ಹಾರಿದರೆ ನಿನ್ನ ತಲೆ ನನ್ನದು" ಎಂದ.

ಉಳಿದ ಕೊಳಗಳಿಗೆ ಸುಣ್ಣ ಬಿತ್ತು. ಭರಮ ತನ್ನ ಕೊಳದ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತ. ಆಗ ಅಡಿಯಿಂದ ಮುನ್ನೂರು ವರ್ಷದ ಮುದಿ ಆಮೆಯೊಂದು ಎದ್ದು ಬಂತು. "ತಮ್ಮಾ, ಹೊರಗೆ ನಿಂತು ನೋಡಿದರೆ ಏನು ಕಂಡೀತು? ಒಳಗೆ ಹೋಗಿ ನೋಡು. ಮೂರು ಮೀನು, ಮೂರು ಸಲ. ಆದರೆ ಮೀನಿನ ಉಸಿರು ನಿಲ್ಲುವ ಮೊದಲೇ ಹೊರಗೆ ಬರಬೇಕು. ತಪ್ಪಿದರೆ ನೀನೂ ಅಲ್ಲೇ" ಎಂದಿತು. ಭರಮ ಅದರ ಬೆನ್ನು ಮುಟ್ಟಿದ. ಮುಟ್ಟಿದ್ದೇ ತಡ, ಹೂವಿನ ಪರಾಗಕ್ಕಿಂತ ಸಣ್ಣವನಾದ.

ಮೊದಲನೆಯದು ಕಲೆ ಎದ್ದು ಇನ್ನೂ ಸಾಯದೆ ಉಳಿದಿದ್ದ ಮೀನು. ಕಿವಿರಿನಿಂದ ಒಳಹೊಕ್ಕರೆ ಅಲ್ಲೊಂದು ಊರು! ಬೀದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಎರಡೂ ಕಡೆ ಲಕ್ಷ ಲಕ್ಷ ಮನೆ, ಪ್ರತಿ ಮನೆಗೂ ಬೀಗ ಹಾಕಿದ ಬಾಗಿಲು. ಬೂದಿಯ ಒಂದೊಂದು ಕಣವೂ ಒಬ್ಬೊಬ್ಬ ಕಳ್ಳನಾಗಿತ್ತು. ಕಳ್ಳನ ಕೈಯ ಕೀಲಿ ಬೀಗಕ್ಕೆ ಸರಿಯಾಗಿ ಕೂರುತ್ತಿತ್ತು. ಒಳಹೊಕ್ಕ ಕಳ್ಳ ಏನನ್ನೂ ಕದಿಯಲಿಲ್ಲ. ಮನೆಯವರನ್ನೇ ದುಡಿಸಿ ತನ್ನಂಥ ಸಾವಿರ ಕಳ್ಳರನ್ನು ಮಾಡಿಸಿದ. ಮನೆ ಒಡೆದು ಸಾವಿರ ಕಳ್ಳರು ಬೀದಿಗೆ ಬಂದರು. ಕಾವಲುಗಾರರು ಎಚ್ಚರಾಗುವಷ್ಟರಲ್ಲಿ ಊರೇ ಮುಗಿದಿತ್ತು. ಭರಮ ಹೇಗೋ ಹೊರಗೆ ಹಾರಿದ.

"ತಿಳಿಯಿತು ಅಜ್ಜಿ! ಕಾವಲು ಸಾಲದು. ಕಾವಲು ಜೋರಾಗಿರಬೇಕು" ಎಂದ.

"ಹಾಗೋ? ಇನ್ನೊಂದು ನೋಡು" ಎಂದಿತು ಆಮೆ.

ಎರಡನೆಯದೂ ಕಲೆ ಎದ್ದ ಮೀನೇ, ಆದರೆ ಅದರೊಳಗೆ ಕಾವಲು ಬಲು ಜೋರು. ಒಂದು ಮನೆಗೆ ಕಳ್ಳ ನುಗ್ಗಿದೊಡನೆ ಆ ಮನೆಯವರು ಡಂಗುರ ಹೊಡೆದು ನೆರೆಮನೆಗಳನ್ನು ಎಚ್ಚರಿಸಿದರು. ಕಾವಲುಗಾರರು ದೊಂದಿ ಹಿಡಿದು ಓಡಿಬಂದರು. ಕಳ್ಳ ಹೊಕ್ಕ ಮನೆಗೆ ಬೆಂಕಿಯಿಟ್ಟರು. ಪಕ್ಕದ ಮನೆಗೂ ಇಟ್ಟರು. ಕಡೆಗೆ ಕಂಡ ಕಂಡ ಮನೆಗೆಲ್ಲ ಇಟ್ಟರು. ಒಬ್ಬನಂತೂ ಭರಮನನ್ನೇ ಕಳ್ಳನೆಂದು ಹೆಗಲಿಗೆ ದೊಂದಿ ತಿವಿದ. ಕಳ್ಳರು ಸತ್ತರು. ಆದರೆ ಊರೂ ಉಳಿಯಲಿಲ್ಲ.

ಸುಟ್ಟ ಹೆಗಲು ಹಿಡಿದುಕೊಂಡು ಹೊರಬಂದ ಭರಮನಿಗೆ ತಲೆ ಕೆಟ್ಟಿತ್ತು. "ಕಾವಲಿಲ್ಲದಿದ್ದರೂ ಸಾವು, ಇದ್ದರೂ ಸಾವು. ಇದ್ಯಾವ ನ್ಯಾಯ ಅಜ್ಜಿ?"

ಆಮೆ ಆ ಏಳರಲ್ಲಿ ಒಂದನ್ನು ತೋರಿಸಿತು.

ಮೂರನೆಯ ಮೀನಿನ ಊರು ತಣ್ಣಗಿತ್ತು. ಕಳ್ಳರು ಇಲ್ಲೂ ಇದ್ದರು. ಒಬ್ಬ ಕಳ್ಳ ಒಂದು ಬಾಗಿಲಿಗೆ ಕೀಲಿ ಹಾಕಿದ, ತಿರುಗಲಿಲ್ಲ. ಎರಡನೆಯ ಬಾಗಿಲಿಗೆ ಹಾಕಿದ, ತಿರುಗಲಿಲ್ಲ. ಮೂರನೆಯದಕ್ಕೂ ಹಾಕಿ ಬೆವರೊರೆಸಿಕೊಂಡ. ಅಷ್ಟರಲ್ಲಿ ಇಬ್ಬರು ಕಾವಲುಗಾರರು ಆತುರವಿಲ್ಲದೆ ಬಂದು ಅವನ ರಟ್ಟೆ ಹಿಡಿದು ಕರೆದೊಯ್ದರು.

ಭರಮ ಒಂದು ಮನೆಯ ಬಾಗಿಲು ತಟ್ಟಿದ. "ತಾಯೀ, ಈ ಬೀಗ ಮಾಡಿದವರು ಯಾರು?"

ಒಳಗಿನಿಂದ ದನಿ ಬಂತು: "ಯಾರಿಗೆ ಗೊತ್ತಪ್ಪ? ಹುಟ್ಟುವಾಗಲೇ ಇತ್ತು. ನಮ್ಮವ್ವನ ಮನೆಯಲ್ಲೂ ಇಂಥದ್ದೇ."

ಹೊರಗೆ ಬಂದು ಮೊದಲಿನಷ್ಟೇ ದೊಡ್ಡವನಾದ ಭರಮನಿಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. "ಹುಟ್ಟಿನಿಂದ ಬಂದ ಬೀಗವನ್ನು ನಾನು ಬೇರೆ ಮೀನಿಗೆ ಹೇಗೆ ಕೊಡಲಿ?" ಎಂದು ಕೇಳಿದ. ಆಮೆ ಆಗಲೇ ನೀರಿಗೆ ಇಳಿದಾಗಿತ್ತು.

ಮಳೆ ಬಂತು. ಏಳು ಮೀನು ಮೊಟ್ಟೆಯಿಟ್ಟವು. ಮರಿಗಳಿಂದ ಕೊಳ ತುಂಬಿತು. ಇನ್ನು ಭಯವಿಲ್ಲ ಎಂದು ಭರಮ ಹಿಗ್ಗಿದ. ಹೊಗೆಮಾರ ಗುಡ್ಡದಿಂದ ಮತ್ತೆ ಬೂದಿ ಊದಿದ. ಅರ್ಧ ಮರಿಗಳು ಸತ್ತು ತೇಲಿದವು.

ಭರಮ ಮೊಣಕಾಲುದ್ದ ನೀರಿನಲ್ಲಿ ನಿಂತು ಗಳಗಳನೆ ಅತ್ತ. "ತಾಯಿ ಬದುಕಿದೆ, ಮರಿ ಸತ್ತಿದೆ. ನಾನು ಕಂಡದ್ದೆಲ್ಲ ಸುಳ್ಳೇ ಅವ್ವಾ?"

ಸಂಕವ್ವ ದಂಡೆಯಲ್ಲಿ ಸತ್ತ ಮರಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. "ನಿನಗೆ ನಿಮ್ಮಪ್ಪನ ಮೂಗು ಬಂತು, ನಿನ್ನ ತಂಗಿಗೆ ಬರಲಿಲ್ಲ. ಹಾಗಂತ ಅವಳು ನನ್ನ ಮಗಳಲ್ಲವೇನೋ? ಹೆತ್ತವರಲ್ಲಿ ಇದ್ದದ್ದೆಲ್ಲ ಎಲ್ಲ ಮಕ್ಕಳಿಗೂ ಸಿಗುತ್ತದೆಯೇ? ಸತ್ತದ್ದನ್ನು ಬಿಡು. ಉಳಿದ ಅರ್ಧವನ್ನು ಸಾಕು" ಎಂದಳು.

ಭರಮನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಉಳಿದವನ್ನು ಸಾಕಿದ. ಮರುಮಳೆಗೆ ಅವು ಮೊಟ್ಟೆಯಿಟ್ಟವು. ಮತ್ತೆ ಬೂದಿ ಬಂತು. ಈ ಸಲ ಸತ್ತದ್ದು ಹತ್ತರಲ್ಲಿ ಒಂದೋ ಎರಡೋ.

ಮೀನು ಉಳಿದ ಹಾಗೆಲ್ಲ ಕುಗ್ಗುತ್ತ ಬಂದ ಗುಡ್ಡದ ಮೇಲಿನ ಹೊಗೆಮಾರ ಈಗ ಬರೀ ತೆಂಗಿನಮರದಷ್ಟಿದ್ದ. ಕಂಗಾಲಾಗಿ, ಮಂತ್ರದಿಂದ ಆಳೆತ್ತರದ ದಾರಿಹೋಕನ ವೇಷ ಹಾಕಿ ಇಳಿದು ಬಂದ. "ಅಯ್ಯಾ, ಇನ್ನೂ ಎಷ್ಟು ಮಳೆ ಕಾಯುತ್ತೀ? ಈ ಪುಡಿ ನೀರಿಗೆ ಹಾಕು. ಮೀನಿನೊಳಗಿನ ಕಾವಲುಗಾರರು ಹುಲಿಗಳಾಗುತ್ತಾರೆ" ಎಂದ.

ಭರಮ ದಣಿದಿದ್ದ. ಪೊಟ್ಟಣ ತೆಗೆದುಕೊಂಡ. ಬಿಚ್ಚಿಯೂಬಿಟ್ಟ. ಹಾಕಲೋ ಬೇಡವೋ? ತಾನು ಕಂಡದ್ದು ಸರಿಯೋ ತಪ್ಪೋ? ಯಾವುದೂ ಗಟ್ಟಿಯಾಗಿ ತೋಚಲಿಲ್ಲ. ಕಡೆಗೆ ಪೊಟ್ಟಣವನ್ನು ಅವನ ಕೈಗೇ ತುರುಕಿ, "ಕ್ಷಮಿಸಿ ಸ್ವಾಮಿ, ನನಗೆ ಹೆಚ್ಚು ತಿಳಿಯದು. ಒಂದು ಊರು ತನ್ನ ಕಾವಲುಗಾರರ ಕೈಯಲ್ಲೇ ಸುಟ್ಟದ್ದನ್ನು ಮಾತ್ರ ನೋಡಿದ್ದೇನೆ" ಎಂದ.

ಮೂರನೆಯ ಮಳೆಗಾಲದ ಮರಿಗಳು ಬಲಿತವು. ಹೊಗೆಮಾರ ಇದ್ದಬದ್ದ ಬೂದಿಯನ್ನೆಲ್ಲ ತಂದು ಹಗಲಿನಲ್ಲೇ, ಎಲ್ಲರ ಕಣ್ಣೆದುರೇ, ಕೊಳಕ್ಕೆ ಸುರಿದ. ಜನ ಉಸಿರು ಬಿಗಿಹಿಡಿದು ನಿಂತರು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಮೂರು ದಿನ ಕಳೆಯಿತು. ಒಂದು ಮೀನೂ ಸುತ್ತಲಿಲ್ಲ. ಒಳಗೆ ಲಕ್ಷ ಲಕ್ಷ ಬೀಗಗಳಲ್ಲಿ ಕೀಲಿ ತಿರುಗದೆ ಕಳ್ಳರು ಸಿಕ್ಕಿಬೀಳುತ್ತಿದ್ದರು. ಹೊರಗೆ ದಂಡೆಯ ಮೇಲೆ ಹೊಗೆಮಾರ ಕುಗ್ಗುತ್ತಿದ್ದ. ಆಳೆತ್ತರಕ್ಕೆ ಇಳಿದ, ಮೊಣಕಾಲೆತ್ತರಕ್ಕೆ ಇಳಿದ, ಎರೆಹುಳುವಿನಷ್ಟಾದ. "ತೆರೆಯಿರೋ, ತೆರೆಯಿರೋ!" ಎಂದು ಕಿರುಚುತ್ತ ನೀರಿಗೆ ಜಾರಿದ. ಹಸಿದ ಗೆಂಡೆಯೊಂದು ಗುಳುಂ ಎಂದು ನುಂಗಿತು.

ರಾಜ ವೀರಸೋಮ ತಾನೇ ದಂಡೆಗೆ ಬಂದ. "ಭರಮಾ, ಅಂದು ನಾನು ಈ ಏಳನ್ನೂ ಕೊಲ್ಲಿಸುತ್ತಿದ್ದೆನಲ್ಲ! ನಿನಗೆ ಇದೆಲ್ಲ ಮೊದಲೇ ಹೇಗೆ ಹೊಳೆಯಿತು?"

"ಹೊಳೆಯಲಿಲ್ಲ ಪ್ರಭು. ಈಗಲೂ ಅರ್ಧಕ್ಕರ್ಧ ಹೊಳೆದಿಲ್ಲ" ಎಂದ ಭರಮ.

ರಾಜ ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟ. ತೊಂಬತ್ತೊಂಬತ್ತು ಕೊಳಗಳ ಸುಣ್ಣ ತೊಳೆದು ಹೊಸ ನೀರು ತುಂಬಿಸಿದರು. ಭರಮ ಮಡಕೆಗಳಲ್ಲಿ ಮರಿಗಳನ್ನು ಹೊತ್ತು ಕೊಳದಿಂದ ಕೊಳಕ್ಕೆ ನಡೆದ. ಮರುವರ್ಷ ಮೊದಲ ಬಲೆ ಎಳೆದ ದಿನ ಸಂಕವ್ವ ದೊಡ್ಡ ಕೊಳಗದಲ್ಲಿ ಮೀನುಸಾರು ಕುದಿಸಿದಳು. ಮೂರು ವರ್ಷ ಮೀನಿನ ರುಚಿ ಕಾಣದ ಊರು ದಂಡೆಯುದ್ದಕ್ಕೂ ಎಲೆ ಹಾಸಿ ಕೂತಿತು. ರಾಜನೂ ಪಂಕ್ತಿಯಲ್ಲೇ ಕೂತ. ಅವರು ಅಲ್ಲಿ ಹೊಟ್ಟೆತುಂಬ ಉಂಡು ನೂರು ಕಾಲ ಬಾಳಿದರು. ನಾವು ಇಲ್ಲಿ ಅವರ ಕತೆ ಕೇಳಿ ಸುಖವಾಗಿದ್ದೇವೆ.