ನೀಲಿ ಭಂಗಿಯ ಹದಿಮೂರನೇ ಗಿಡ

ಬಹಳ ಹಿಂದೆ, ವರ್ಷದಲ್ಲಿ ಎಂಟು ತಿಂಗಳು ಹಿಮ ಬೀಳುವ ಒಂದು ರಾಜ್ಯವಿತ್ತು. ಅಂಥ ಕಡೆ ಯಾಕೆ ರಾಜ್ಯ ಕಟ್ಟಿದರೋ, ಅಂತೂ ಕಟ್ಟಿದ್ದರು. ಹೆಸರು ಕೊರೆನಾಡು. ಅಲ್ಲಿನ ಬೆಟ್ಟದಲ್ಲಿ ಅರಮನೆಯಷ್ಟು ಎತ್ತರದ ಬಿಳಿ ಆನೆಯೊಂದಿತ್ತು. ಅದಕ್ಕೆ ದಂತದ ಬುಡದಲ್ಲಿ ತೀರದ ನೋವು. ಮಾಘದ ಹುಣ್ಣಿಮೆಗೆ ಹನ್ನೆರಡು ಗಿಡದ ನೀಲಿ ಭಂಗಿ ಹೂ ತಿನ್ನಿಸಿದರೆ ವರ್ಷವಿಡೀ ಮಲಗುತ್ತಿತ್ತು. ತಿನ್ನಿಸದಿದ್ದರೆ ಇಳಿದು ಬಂದು ಊರು ತುಳಿಯುತ್ತಿತ್ತು.

ಆ ವರ್ಷ ಹೊಲದ ಭಂಗಿಯೆಲ್ಲ ಹಿಮಕ್ಕೆ ಸತ್ತಿತು. ಉಳಿದದ್ದು ಅರಮನೆಯ ತೆಂಕಣ ಕೋಣೆಯಲ್ಲಿದ್ದ ಒಂದೇ ತಾಯಿಗಿಡ. ಅದನ್ನು ನೋಡಿಕೊಳ್ಳುತ್ತಿದ್ದವಳು ಮಾಳವ್ವ. ಬೀಜ ಬಿತ್ತಿದರೆ ತಳಿ ಕೆಡುತ್ತದೆಂದು ಅವಳು ತಾಯಿಗಿಡದ ಹನ್ನೆರಡು ಕಡ್ಡಿ ಕತ್ತರಿಸಿ ಒಂದೇ ಮರದ ತೊಟ್ಟಿಯಲ್ಲಿ ನೆಟ್ಟಳು.

ಇದು ಶೀತಕೇತು ಎಂಬ ಮಾಂತ್ರಿಕನಿಗೆ ಸರಿಬರಲಿಲ್ಲ. ಊರು ಅಳಿದ ಮೇಲೆ ತಾನು ರಾಜನಾಗಬೇಕೆಂಬುದು ಅವನ ಆಸೆ. ಆಳಲು ಯಾರಿರುತ್ತಾರೆ ಎಂದು ಅವನು ಯೋಚಿಸಿರಲಿಲ್ಲ.

ಮೊದಲು ಅವನು ಕೋಣೆಯ ನೆಲವನ್ನು ಮಂಜುಗಡ್ಡೆ ಮಾಡಿದ. ಗಿಡಗಳು ಜೋತುಬಿದ್ದವು. ರಾಜ ಉದಯಾಂಕ ಎಲೆಗಳಿಗೆ ರೇಷ್ಮೆ ಹೊದಿಸಲು ಓಡಿಬಂದ.

"ಚಳಿ ಆಗಿರೋದು ಎಲೆಗಲ್ಲ ಮಹಾಪ್ರಭು, ಬೇರಿಗೆ," ಎಂದಳು ಮಾಳವ್ವ. ತೊಟ್ಟಿಯನ್ನು ಹಲಗೆಯ ಮೇಲೆ ಎತ್ತಿ ಅಡಿಗೆ ಒಣಹುಲ್ಲು ತುರುಕಿದಳು. ಗಿಡಗಳು ತಲೆ ಎತ್ತಿದವು.

ಎರಡನೆಯ ಸಲ ಅವನು ಸೂರ್ಯನಿಗೆ ಮೋಡದ ಮುಚ್ಚಳ ಹಾಕಿದ. ಮಾಳವ್ವ ನೂರು ದೀಪ ಹಚ್ಚಿ, ಅರಮನೆಯ ಹಿತ್ತಾಳೆ ತಟ್ಟೆಗಳನ್ನೆಲ್ಲ ದೀಪಗಳ ಹಿಂದೆ ನಿಲ್ಲಿಸಿದಳು. ರಾಜ ಅಂಗೈಯಲ್ಲಿ ಅನ್ನ ಇಟ್ಟುಕೊಂಡು ಉಂಡ. ಗಿಡಗಳು ಹೂ ಬಿಟ್ಟವು.

ಹುಣ್ಣಿಮೆಗೆ ಮೂರು ದಿನ ಇತ್ತು. ಬೆಳಗ್ಗೆ ನೋಡಿದರೆ ತೊಟ್ಟಿಯಲ್ಲಿ ಹದಿಮೂರು ಗಿಡ. ಹೊಸದು ಎಲ್ಲಕ್ಕಿಂತ ಎತ್ತರ, ತೋಳಿನಷ್ಟು ದಪ್ಪ.

"ಶುಭಶಕುನ!" ಎಂದ ರಾಜ. "ಇದನ್ನು ಮುಟ್ಟಿದವರ ಕೈ ಕತ್ತರಿಸುತ್ತೇನೆ."

ಮಾಳವ್ವ ಬಗ್ಗಿ ಅದರ ಗೆಣ್ಣು ನೋಡಿದಳು. ಹೆಣ್ಣುಗಿಡಕ್ಕಿರುವ ಬಿಳಿ ಎಳೆಗಳಿರಲಿಲ್ಲ. ಗುಂಡು ಮೊಗ್ಗುಗಳು ಗೊಂಚಲಾಗಿ ನೇತಾಡುತ್ತಿದ್ದವು.

"ಇದು ಗಂಡು, ಮಹಾಪ್ರಭು."

"ಇದ್ದರೇನು? ನಾನೂ ಗಂಡೇ."

"ನೀವು ಪುಡಿ ಉದುರಿಸೋದಿಲ್ಲ. ಇದು ಉದುರಿಸಿದರೆ ಹನ್ನೆರಡೂ ಬೀಜ ಕಟ್ಟುತ್ತವೆ. ಬೀಜ ಕಟ್ಟಿದ ಹೂ ತಿಂದರೆ ಆನೆಗೆ ನಿದ್ದೆ ಬರೋದಿಲ್ಲ."

"ದೇವರು ಕೊಟ್ಟದ್ದನ್ನು ಬೇಡ ಅನ್ನಬಾರದು."

"ನಾನು ನೆಟ್ಟದ್ದು ಹೆಣ್ಣಿನ ಕಡ್ಡಿ. ಬರೋದೂ ಹೆಣ್ಣೇ. ಹಾಗಾದರೆ ಇವನು ಯಾರು?"

ರಾಜನ ಬಳಿ ಕತ್ತಿ ಇತ್ತು, ಎತ್ತಿದ. ಅಷ್ಟರಲ್ಲಿ ಮೊಗ್ಗುಗಳು ಬಿರಿಯತೊಡಗಿದವು. ಕೈ ಹೋದರೆ ಹೋಗಲಿ ಎಂದು ಮಾಳವ್ವ ಒದ್ದೆ ಕಂಬಳಿಯನ್ನು ಗಿಡದ ಮೇಲೆ ಎಸೆದು, ಬುಡ ಹಿಡಿದು ಎಳೆದಳು.

"ಬಿಡೇ! ಉಸಿರು ಕಟ್ಟುತ್ತೆ!" ಎಂದು ಗಿಡ ಕಿರುಚಿತು. ಅದು ಶೀತಕೇತುವಿನ ದನಿ. ರಾಜನ ಕತ್ತಿ ಕೆಳಗಿಳಿಯಿತು.

"ಹೆಣ್ಣುಗಿಡವಾಗಿ ಬಂದು ಬೇರಿನಲ್ಲೇ ವಿಷ ಬಿಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ," ಎಂದಳು ಮಾಳವ್ವ.

"ನಾನು? ಹೆಣ್ಣಾಗೋದೇ?"

"ಅಲ್ಲೇ ಕೆಟ್ಟೆ ನೋಡು."

ಎರಡನೆಯ ಎಳೆತಕ್ಕೆ ಬೇರು ಸಡಿಲಾಯಿತು. ಮೂರನೆಯದಕ್ಕೆ ಕಿತ್ತು ಬಂತು. ಕಂಬಳಿ ಸಮೇತ ಸುತ್ತಿ ಕಿಟಕಿಯಿಂದಾಚೆ ಎಸೆದಳು. ಹೊರಗಿನ ಹಿಮದಲ್ಲಿ ಶೀತಕೇತು ಸಂಜೆಯೊಳಗೆ ಕಡ್ಡಿಯಂತೆ ಒಣಗಿದ. ಮೋಡದ ಮುಚ್ಚಳ ತೆರೆಯಿತು.

ಹುಣ್ಣಿಮೆಯ ದಿನ ಆನೆ ಹನ್ನೆರಡು ಗಿಡದ ಹೂ ತಿಂದು, ಆಕಳಿಸಿ, ಬೆಟ್ಟಕ್ಕೆ ಒರಗಿ ಮಲಗಿತು. ಅದಕ್ಕೂ ಸುಖ, ಊರಿಗೂ ಸುಖ. ರಾಜ ಮಾಳವ್ವನಿಗೆ ಏನು ಬೇಕೋ ಕೇಳು ಎಂದ. ಮಹಾಪ್ರಭುಗಳೂ ಬಾಗಿಲು ತಟ್ಟಿ ಬರುವಂತೆ ತೆಂಕಣ ಕೋಣೆಗೆ ಒಳಗಿನಿಂದ ಹಾಕುವ ಅಗುಳಿ ಬೇಕು ಎಂದಳು. ಕೊಟ್ಟರು. ಆಮೇಲೆ ಕೊರೆನಾಡಿನ ಭಂಗಿಯ ತಳಿ ಕೆಡಲೇ ಇಲ್ಲ.