ಒಂಬತ್ತನೆಯ ತುತ್ತು

ಒಂಬತ್ತನೆಯ ತುತ್ತು ನುಂಗಿದ ಮೇಲೆ ಹೆಂಗಸು ಒಮ್ಮೆ ಕೆಮ್ಮಿದಳು. ಎರಡನೆಯ ಸಲ ಕೆಮ್ಮಲು ಉಸಿರೇ ಇರಲಿಲ್ಲ. ತುಟಿ ಊದಿತು. ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತು. ಎಡಗೈ ಮರದ ಕೌಂಟರನ್ನು ತಡಕಾಡಿ ಜಾರಿತು.

ಪಕ್ಕದಲ್ಲಿದ್ದ ತಂಗಿ ಅಕ್ಕನ ಚೀಲವನ್ನು ನೆಲಕ್ಕೆ ಸುರಿದಳು. ಕನ್ನಡಕ, ಬಾಚಣಿಗೆ, ಕರವಸ್ತ್ರ. ಮತ್ತೇನೂ ಇರಲಿಲ್ಲ.

"ಚುಚ್ಚುಮದ್ದು ಎಲ್ಲಿ? ಅಕ್ಕಾ, ಚುಚ್ಚುಮದ್ದು ಎಲ್ಲಿ?"

ಅಕ್ಕನಿಗೆ ಕೇಳಿಸುವಂತಿರಲಿಲ್ಲ. ಆಗ ಮಧ್ಯಾಹ್ನ ಒಂದೂಕಾಲು.

* * *

ಒಂದೂ ಮುಕ್ಕಾಲಿಗೆ ತನಿಖಾಧಿಕಾರಿ ಬಂದಳು. ನಲವತ್ತು ದಾಟಿದ ಹೆಂಗಸು. ಅವಳ ಕೈಗೆ ಬಂದದ್ದರಲ್ಲಿ ಕಲ್ಲು ಬೇರೆ, ಕಾಳು ಬೇರೆ ಆಗುತ್ತಿದ್ದುದರಿಂದ ಠಾಣೆಯವರು ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು. ಜೊತೆಗೊಬ್ಬ ದಪ್ಪನೆಯ ಪೇದೆ.

ಅದೊಂದು ಪುಟ್ಟ ಜಪಾನಿ ಹೋಟೆಲು. ಒಳಗೆ ಎಂಟೇ ಆಸನ, ಒಂದೇ ಸಾಲು. ಎದುರಿಗೆ ಬಾಣಸಿಗ. ಅವನ ಹಿಂದೆ ಕತ್ತಿಗಳು, ಮೀನು, ಹದವಾಗಿ ಬೆಚ್ಚಗಿರುವ ಅನ್ನ. ಏನೊಂದನ್ನೂ ಯಾರೂ ಎತ್ತದಂತೆ ಬಾಣಸಿಗನ ಹೆಂಡತಿ ಬಾಗಿಲಲ್ಲೇ ನಿಂತು ಕಾದಿದ್ದಳು.

"ಊಟದ ಪಟ್ಟಿ ಎಲ್ಲಮ್ಮಾ?" ಪೇದೆ ಕೇಳಿದ.

"ಪಟ್ಟಿ ಇಲ್ಲ. ಓಮಕಾಸೆ ಅಂದ್ರೆ ಹಾಗೇ. ಇವರು ಏನು ಕೊಡ್ತಾರೋ ಅದನ್ನ ತಿನ್ನೋದು. ಒಂದು ಸಲಕ್ಕೆ ಒಂದು ಸುಶಿ, ಅನ್ನದುಂಡೆ ಮೇಲೊಂದು ಮೀನಿನ ತುಂಡು. ಎಲ್ಲರಿಗೂ ಒಂದೇ, ಒಟ್ಟಿಗೇ."

"ನಮ್ಮನೇಲೂ ಅದೇ ಪದ್ಧತಿ. ಹೆಂಡತಿ ಹಾಕಿದ್ದು ಉಣ್ಣಬೇಕು. ಹೆಸರು ಗೊತ್ತಿರಲಿಲ್ಲ ಅಷ್ಟೆ."

ಜರಡಿ ನಗಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಸಿಗಡಿ ಆ ಹೆಂಗಸಿಗೆ ವಿಷ. ಅದರ ರಸ ಸೋಕಿದರೂ ಸಾಕು, ಗಂಟಲು ಕಟ್ಟುತ್ತದೆ. ಈಗ ಯಂತ್ರದ ಉಸಿರಿನಲ್ಲಿದ್ದಾಳೆ. ಬದುಕುತ್ತಾಳೋ ಇಲ್ಲವೋ ಸಂಜೆಯವರೆಗೆ ಹೇಳಲಾಗದು.

ಇನ್ನೊಂದು ಫೋನ್ ಮೇಲಧಿಕಾರಿಯದು. "ಅಡುಗೆಯವನ ಅಜಾಗರೂಕತೆ. ಇದರಲ್ಲಿ ಹುಡುಕೋದೇನಿದೆ? ಐದು ಗಂಟೆಗೆ ಬೀಗ ಹಾಕಿ ಅವನನ್ನ ಕರ್ಕೊಂಡು ಬಾ."

* * *

ಬಾಣಸಿಗ ಅರವತ್ತರವನು. ಎರಡೂ ಅಂಗೈಗಳನ್ನು ಕೌಂಟರಿನ ಮೇಲೆ ಚಾಚಿ ಕೂತಿದ್ದ.

"ಸಿಗಡಿ ಆಗೋದಿಲ್ಲ ಅಂತ ನಿಮಗೆ ಗೊತ್ತಿತ್ತಾ, ಯಜಮಾನ್ರೇ?"

"ಗೊತ್ತಿತ್ತಮ್ಮ. ಆಯಮ್ಮನ್ನ ಮದುವೆ ಆಗೋ ಕಪ್ತಾನರು ಮೊದಲೇ ಹೇಳಿದ್ರು. ಎಂಟನೇದು ಸಿಗಡಿ. ತಲೆಯ ಕೊಬ್ಬನ್ನ ಮೇಲೆ ಸವರಿ ಕೊಡೋದು. ಆಯಮ್ಮನಿಗೆ ಮೊಟ್ಟೆದು ಕೊಟ್ಟೆ. ಕತ್ತಿ ಬೇರೆ, ಹಲಗೆ ಬೇರೆ, ಸಾಸ್ ಹಚ್ಚೋ ಕುಂಚ ಬೇರೆ. ಕುಂಚಕ್ಕೆ ಬಿಳಿ ದಾರ ಕಟ್ಟಿದ್ದೆ."

"ಒಂಬತ್ತನೇದು?"

"ಬರೀ ಮೀನು."

ಅಷ್ಟರಲ್ಲಿ ಬಂದಿದ್ದ ಆರೋಗ್ಯ ಇಲಾಖೆಯವನು ತನ್ನ ಪರೀಕ್ಷೆಯ ಕಾಗದದ ಪಟ್ಟಿಗಳನ್ನು ಬಿಳಿದಾರದ ಕುಂಚಕ್ಕೆ ಮುಟ್ಟಿಸಿದ. ಕತ್ತಿಗೆ, ಹಲಗೆಗೆ, ಉಳಿದ ಮೀನಿಗೆ, ಅನ್ನಕ್ಕೆ ಮುಟ್ಟಿಸಿದ. ಎಲ್ಲಿಯೂ ಸಿಗಡಿಯ ಸುಳಿವಿಲ್ಲ.

"ಅಂದ್ರೆ ಇವರ ತಪ್ಪಿಲ್ಲ?" ಹೆಂಡತಿ ಕೇಳಿದಳು.

"ಇವರ ಕೈ ಇದೆಯಲ್ಲ," ಅವನೆಂದ. "ಕೈ ತೊಳೆದಾಗಿದೆ. ಈಗ ನೋಡಿ ಪ್ರಯೋಜನವಿಲ್ಲ."

ಬಾಣಸಿಗ ತನ್ನ ಬೆರಳುಗಳನ್ನೇ ನೋಡಿಕೊಂಡ. ತನ್ನಿಂದಲೇ ಆಯಿತೇನೋ ಎಂಬ ಅನುಮಾನ ಅವನೊಳಗೂ ಹೊಕ್ಕಿತ್ತು. "ನಾನು ಬೆರಳಲ್ಲಿ ಒತ್ತಿ ಕೊಡ್ತೀನಿ, ಅವರು ಬೆರಳಲ್ಲಿ ಎತ್ತಿ ತಿಂತಾರೆ. ನಡುವೆ ಬೇರೆ ಏನೂ ಇಲ್ಲ. ಈ ಕೈಯಿಂದ ಒಂದು ಜೀವ ಹೋದ್ರೆ ನಾಳೆ ಈ ಕೈ ಇಟ್ಕೊಂಡು ಏನು ಮಾಡ್ಲಿ?"

ಜರಡಿ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ಎದ್ದು ಬಾಗಿಲವರೆಗೆ ಹೋದಳು, ಬಂದಳು, ಮತ್ತೆ ಹೋದಳು.

"ಮೇಡಂ, ಕೂತ್ಕೊಂಡು ಯೋಚನೆ ಮಾಡಿ," ಪೇದೆ ಹೇಳಿದ. "ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ."

* * *

ಸಾಲಿನ ಆ ತುದಿಯ ಐದು ಜನ ಒಂದೇ ಕಚೇರಿಯವರು. ಯಾರೂ ಆಸನ ಬಿಟ್ಟು ಎದ್ದಿರಲಿಲ್ಲ. ಹೇಳಿಕೆ ಬರೆಸಿ ಹೋದರು. ಈ ತುದಿಯಲ್ಲಿ ಮೂವರು: ಮೊದಲು ತಂಗಿ, ಅವಳ ಬಲಕ್ಕೆ ಅಕ್ಕ, ಅಕ್ಕನ ಬಲಕ್ಕೆ ಕಪ್ತಾನ. ಕನ್ನಡಕದ ಅಂಗಡಿ ನಡೆಸುವ ಅಕ್ಕನಿಗೆ ಐವತ್ತೆಂಟು. ಹಡಗಿನಿಂದ ನಿವೃತ್ತನಾದ ಕಪ್ತಾನನಿಗೆ ಅರವತ್ತೆರಡು. ಬರುವ ವಾರ ಅವರ ಮದುವೆ. ಆ ಸಂತೋಷಕ್ಕೇ ಈ ಊಟ.

ಪೇದೆ ಜರಡಿಯ ಕಿವಿಯ ಬಳಿ ಬಗ್ಗಿದ. "ಕಪ್ತಾನನ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಇವತ್ತು ಇಬ್ಬರೂ ಒಂದೇ ಬಟ್ಟಲಲ್ಲಿ ಚಹಾ ಕುಡಿದ್ರಂತೆ. ಸಿಗಡಿ ತಿಂದ ಬಾಯಿ, ಅದೇ ಬಟ್ಟಲು. ಇನ್ನೇನು ಬೇಕು?"

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಪ್ತಾನ ಗೋಡೆಗೆ ಒರಗಿ ನಿಂತಿದ್ದ.

"ಸಿಗಡಿ ಹೇಗಿತ್ತು?" ಜರಡಿ ಕೇಳಿದಳು.

"ಗೊತ್ತಿಲ್ಲ. ನನಗೂ ಮೊಟ್ಟೆದೇ ಹಾಕಿಸಿಕೊಂಡೆ. ಇವಳ ಪರಿಚಯ ಆದಾಗಿನಿಂದ ಸಿಗಡಿ ಮುಟ್ಟಿಲ್ಲ." ಅವನು ಕಣ್ಣೊರೆಸಿಕೊಂಡ. "ಸಮುದ್ರದಲ್ಲಿ ಮೂವತ್ತು ವರ್ಷ ಅದನ್ನೇ ತಿಂದು ಬದುಕಿದವನು ನಾನು. ಬಿಡೋದು ಕಷ್ಟ ಅನ್ನಿಸಲೇ ಇಲ್ಲ."

ಬಾಣಸಿಗನಿಗೆ ಫೋನ್ ಮಾಡಿದರೆ ಅವನೂ ಹೌದೆಂದ. ಪೇದೆಯ ಮುಖ ಸಪ್ಪಗಾಯಿತು.

ತಂಗಿ ಬೆಂಚಿನ ತುದಿಯಲ್ಲಿದ್ದಳು. ಐವತ್ತೆರಡರ ಹೆಂಗಸು, ಔಷಧದಂಗಡಿಯಲ್ಲಿ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ಮೂವತ್ತೊಂದು ವರ್ಷದಿಂದ ಅಕ್ಕನ ಜೊತೆ ಒಂದೇ ಮನೆ. ಅವಳ ಕಾಲು ನೆಲವನ್ನು ಒಂದೇ ಸಮ ತಟ್ಟುತ್ತಿತ್ತು.

"ಚುಚ್ಚುಮದ್ದು ಯಾವಾಗಲೂ ಚೀಲದಲ್ಲಿ ಇರುತ್ತಾ?"

"ಇರುತ್ತೆ. ಬೆಳಿಗ್ಗೆ ನಾನೇ ಎರಡು ಸಲ ನೋಡಿ ಇಟ್ಟಿದ್ದೆ. ಹೊರಡೋ ಹೊತ್ತಿಗೆ ಅಕ್ಕ ಹೊಸ ಚೀಲ ತಗೊಂಡಿದ್ದಾಳೆ. ಕಪ್ತಾನರು ಕೊಟ್ಟಿದ್ದಂತೆ. ಮದ್ದು ಹಳೇದರಲ್ಲೇ ಉಳೀತು, ನನಗೆ ಗೊತ್ತಾಗಲಿಲ್ಲ."

"ನೀವು ಕೈಯಲ್ಲಿ ತಿಂದ್ರಾ, ಊಟದ ಕಡ್ಡಿಯಲ್ಲಾ?"

"ಅಕ್ಕ ಕೈಯಲ್ಲಿ. ನಾನು ಎಲ್ಲಾ ಕಡ್ಡಿಯಲ್ಲೇ. ಕೈಗೆ ವಾಸನೆ ಹತ್ತುತ್ತೆ ಅಂತ ನಾನು ಮುಟ್ಟೋದೇ ಇಲ್ಲ."

* * *

ಮೂರೂ ಮುಕ್ಕಾಲಿಗೆ ಜರಡಿ ಮತ್ತೆ ಕೌಂಟರಿನ ಮುಂದೆ ನಿಂತಿದ್ದಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ಹಿರಿಯರು. ಎಲ್ಲರೂ ಬಾಯಿಗೆ ಹೋದದ್ದನ್ನು ನೋಡಿದ್ದರು. ಬೆರಳಿಗೆ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ.

"ಕೈಯಲ್ಲಿ ತಿಂದವರು ಬೆರಳನ್ನ ಏನು ಮಾಡ್ತಾರಮ್ಮಾ?" ಬಾಣಸಿಗನ ಹೆಂಡತಿಯನ್ನು ಕೇಳಿದಳು.

"ಇದಿದೆಯಲ್ಲ." ಪ್ರತಿ ಆಸನದ ಮುಂದೆ ಒಂದು ಪುಟ್ಟ ತಟ್ಟೆ, ಅದರಲ್ಲಿ ಮಡಿಸಿದ ಒದ್ದೆ ಬಟ್ಟೆ. "ಪ್ರತಿ ತುತ್ತಿಗೂ ಮುಂಚೆ ಮಡಿಕೆಯೊಳಗೆ ಬೆರಳು ತೂರಿಸಿ ಒರೆಸ್ಕೋತಾರೆ. ಬಲಗೈಯವರಿಗೆ ಬಲಕ್ಕಿಡ್ತೀನಿ, ಎಡಗೈಯವರಿಗೆ ಎಡಕ್ಕೆ. ಮಡಿಕೆಯ ಬಾಯೂ ಆ ಕಡೆಗೇ ತಿರುಗಿರಬೇಕು. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇದು."

ಅಕ್ಕ ಎಡಚಿ. ಅವಳ ತಟ್ಟೆ ಅವಳ ಎಡಕ್ಕೆ, ತಂಗಿಯದು ಬಲಕ್ಕೆ. ಎರಡು ತಟ್ಟೆಗಳೂ ಅಕ್ಕತಂಗಿಯರ ನಡುವೆ, ಒಂದಕ್ಕೊಂದು ತಾಗಿದಂತಿದ್ದವು.

ಹೆಂಡತಿ ಬಗ್ಗಿ ನೋಡಿದಳು. ಹುಬ್ಬು ಗಂಟಾಯಿತು. "ಇದು ಅದಲುಬದಲಾಗಿದೆ. ಅಕ್ಕನ ತಟ್ಟೆಯಲ್ಲಿರೋದು ಬಲಗೈ ಮಡಿಕೆ. ತಂಗಿ ತಟ್ಟೆಯಲ್ಲಿರೋದು ಎಡಗೈದು."

ಜರಡಿ ಚಿಮಟದಿಂದ ಅಕ್ಕನ ತಟ್ಟೆಯ ಬಟ್ಟೆಯನ್ನು ಬಿಡಿಸಿದಳು. ಹೊರಗೆ ಬೆಳ್ಳಗಿತ್ತು. ಒಳಗೆ ಕಿತ್ತಳೆ ಬಣ್ಣದ ಒಂದು ಗೆರೆ. ಇಲಾಖೆಯವನ ಪಟ್ಟಿ ಅದನ್ನು ಮುಟ್ಟಿದ್ದೇ ತಡ, ಗುರುತು ಮೂಡಿತು. ಸಿಗಡಿ.

"ಯಜಮಾನ್ರೇ, ತಂಗಿ ಹೇಗೆ ತಿಂದಳು? ನೆನಪಿದೆಯಾ?"

ಬಾಣಸಿಗ ಅವಳ ಆಸನದ ಕಡೆ ನೋಡಿದ. "ಗಿರಾಕಿಯ ಕೈ ನೋಡೋದು ನಮ್ಮ ಕಸುಬು. ಆಡಿಕೊಳ್ಳೋದಲ್ಲ."

"ಇವತ್ತು ಆಡಿಕೊಳ್ಳಿ."

"ಮೊದಲ ಏಳನ್ನ ಕಡ್ಡಿಯಲ್ಲಿ ತಿಂದಳು. ಎಂಟನೇದನ್ನ ಮಾತ್ರ ಕೈಯಲ್ಲಿ. ಒಂಬತ್ತನೇದು ಮತ್ತೆ ಕಡ್ಡಿಯಲ್ಲಿ. ಕಡ್ಡಿ ಬಿಟ್ಟು ಕೈ ಹಾಕಿದ್ದು ಯಾಕೋ ಅಂದುಕೊಂಡೆ. ಇನ್ನೊಂದು. ಅಕ್ಕ ಕೆಮ್ಮೋಕೆ ಮುಂಚೆಯೇ ಇವಳ ಕೈ ಅಕ್ಕನ ಚೀಲದೊಳಗಿತ್ತು."

* * *

ನಾಲ್ಕೂವರೆಗೆ ತಂಗಿಯನ್ನು ಅಲ್ಲಿಗೆ ಕರೆತಂದರು. ಅವಳು ತನ್ನ ಹಳೆಯ ಆಸನದಲ್ಲೇ ಕೂತಳು. ಎದುರಿಗೆ ಬಾಣಸಿಗ, ಅದೇ ಜಾಗದಲ್ಲಿ.

ಬಿಡಿಸಿದ ಬಟ್ಟೆಯನ್ನು ನೋಡಿ ಅವಳೆಂದಳು, "ಅಕ್ಕನೇ ತಪ್ಪಿ ನನ್ನ ಬಟ್ಟೆ ತಗೊಂಡಿರಬೇಕು."

"ಇರಬಹುದು," ಜರಡಿ ಮೆಲ್ಲಗೆ ಹೇಳಿದಳು. "ತಪ್ಪಿ ಒಂದನ್ನ ತಗೋಬಹುದು. ಅದರ ಜಾಗಕ್ಕೆ ತನ್ನದನ್ನ ಮಡಿಸಿ ಇಡೋದು ತಪ್ಪಿ ಆಗೋದಿಲ್ಲ. ಮೇಲಾಗಿ ಸಿಗಡಿ ಕೈಯಲ್ಲಿ ಮುಟ್ಟಲೇ ಇಲ್ಲ ಅಂದವರ ಬಟ್ಟೆಗೆ ಸಿಗಡಿ ಎಲ್ಲಿಂದ ಬಂತು? ನೀವು ಎಂಟನೇದನ್ನ ಕೈಯಲ್ಲಿ ತಿಂದ್ರಿ. ಬೆರಳನ್ನ ಮಡಿಕೆಯೊಳಗೆ ಒರೆಸಿದ್ರಿ. ಅಕ್ಕ ಕಪ್ತಾನರ ಕಡೆ ತಿರುಗಿದಾಗ ಬಟ್ಟೆ ಬದಲಾಯಿಸಿದ್ರಿ. ಒಂಬತ್ತನೇದು ಎತ್ತೋ ಮೊದಲು ಅಕ್ಕ ಅದರಲ್ಲೇ ಬೆರಳು ಒರೆಸಿದ್ರು. ಮೀನಿನಲ್ಲಿ ಏನೂ ಇರಲಿಲ್ಲ, ಇದ್ದದ್ದು ಅವರ ಬೆರಳಲ್ಲಿ. ಆಮೇಲೆ ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೆಯೇ ಹೆಗಲು ಮುಟ್ಟಿಕೊಂಡ್ರಿ. ಕೆಮ್ಮು ಬರೋ ಮೊದಲೇ ಚೀಲಕ್ಕೆ ಕೈ ಹಾಕಿದ್ರಿ. ಕೊಲ್ಲೋಕೆ ಬಂದವರು ಔಷಧಿ ಹುಡುಕೋದಿಲ್ಲ. ಅದೊಂದೇ ನನಗೆ ಅರ್ಥ ಆಗಿಲ್ಲ."

ತಂಗಿಯ ಕಾಲು ತಟ್ಟುವುದನ್ನು ನಿಲ್ಲಿಸಿತು.

"ಸಾಯಲಿ ಅಂತ ಅಲ್ಲ. ಮದುವೆ ನಿಲ್ಲಲಿ ಅಂತ," ಅಂದಳು. "ಸ್ವಲ್ಪ ಗಂಟಲು ಕಟ್ಟುತ್ತೆ, ನಾನು ಚುಚ್ಚುತ್ತೀನಿ, ಸರಿ ಹೋಗುತ್ತೆ. ಹಿಂದೆ ಎರಡು ಸಲ ನಾನೇ ಉಳಿಸಿದ್ದೀನಿ. ತಂಗಿ ಇಲ್ಲದೆ ನನಗೆ ಆಗೋದಿಲ್ಲ ಅಂತ ಅವಳಿಗೆ ತಿಳಿದು, ಮದುವೆ ಬೇಡ ಅಂದಾಳು ಅಂದುಕೊಂಡೆ."

"ಈ ಯಜಮಾನರನ್ನ ಜೈಲಿಗೆ ಕಳಿಸ್ತಿದ್ರಿ."

ಅವಳು ತಲೆ ಎತ್ತಿ ಬಾಣಸಿಗನನ್ನು ನೋಡಿದಳು. ಬಹುಶಃ ಆ ದಿನ ಅವನನ್ನು ನೋಡಿದ್ದು ಅದೇ ಮೊದಲು.

"ಇವರ ಯೋಚನೆಯೇ ಬರಲಿಲ್ಲ."

ಬಾಣಸಿಗ ಚಾಚಿದ್ದ ಅಂಗೈಗಳನ್ನು ನಿಧಾನವಾಗಿ ಮಡಿಲಿಗೆ ಎಳೆದುಕೊಂಡ. ಹೆಂಡತಿ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಐದಕ್ಕೆ ಐದು ನಿಮಿಷವಿರುವಾಗ ಜರಡಿ ಮೇಲಧಿಕಾರಿಗೆ ಫೋನ್ ಮಾಡಿ, ಬೀಗ ಬೇಕಾಗಿಲ್ಲ ಎಂದಳು.

* * *

ಐದೂವರೆಗೆ ಆಸ್ಪತ್ರೆಯಿಂದ ಸುದ್ದಿ ಬಂತು. ದೇವರು ದೊಡ್ಡವನು, ಅಕ್ಕ ತಾನೇ ಉಸಿರಾಡುತ್ತಿದ್ದಳು, ಕೊಳವೆ ತೆಗೆದಿದ್ದರು.

ತಂಗಿಯನ್ನು ಕೂರಿಸಿಕೊಂಡು ಠಾಣೆಗೆ ಹೊರಟ ವಾಹನವನ್ನು ಜರಡಿ ಆಸ್ಪತ್ರೆಯ ಕಡೆ ತಿರುಗಿಸಿದಳು.

"ಇದು ನಿಯಮದಲ್ಲಿ ಇಲ್ಲ ಮೇಡಂ," ಪೇದೆ ಗೊಣಗಿದ.

"ಗೊತ್ತು. ಅಕ್ಕನಿಗೆ ವಿಷಯ ಬೇರೆಯವರು ಹೇಳಬಾರದು."

ಬಾಗಿಲಲ್ಲಿ ತಂಗಿ ನಿಂತಳು. ಹಾಸಿಗೆಯ ಮೇಲೆ ಅಕ್ಕ, ಊದಿದ ಮುಖ, ಅರೆಗಣ್ಣು. ಪಕ್ಕದಲ್ಲಿ ಕಪ್ತಾನ. ಅಕ್ಕ ತಂಗಿಯನ್ನು ಕಂಡಳು. ಮಾತಾಡಲು ಗಂಟಲಿಗೆ ಶಕ್ತಿ ಇರಲಿಲ್ಲ. ಕಷ್ಟಪಟ್ಟು ಒಂದು ಗೇಣು ಆಚೆ ಸರಿದು, ಹಾಸಿಗೆಯ ಅಂಚಿನಲ್ಲಿ ತಂಗಿಗೆ ಕೂರಲು ಜಾಗ ಮಾಡಿದಳು.

ತಂಗಿ ಹೊಸ್ತಿಲು ದಾಟಲಿಲ್ಲ.

"ಹೋಗಿ," ಜರಡಿ ಹೇಳಿದಳು. "ಕೂತು ಹೇಳಿ. ನಾನು ಇಲ್ಲೇ ಇರ್ತೀನಿ."