ಮೊರಬಂಡೆಯ ನಾನೂರ ಹನ್ನೆರಡು ಬಿಂದುಗಳು

ಕಂಪ್ಯೂಟರಿನ ಪರದೆಯ ಮೇಲೆ ಬೋರಮ್ಮನ ಮನೆ ಬೆಟ್ಟದಿಂದ ಅರ್ಧ ಹೊರಗೆ ಚಾಚಿಕೊಂಡು ನಿಂತಿತ್ತು. ಹಿಂದಿನ ಗೋಡೆ ಕಲ್ಲಿನೊಳಗೆ ಹೂತುಹೋಗಿತ್ತು. ಮುಂದಿನ ಜಗಲಿಯ ಕೆಳಗೆ ನಲವತ್ತು ಅಡಿ ಬರೀ ಗಾಳಿ.

ಬೋರಮ್ಮ ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನನ್ ಜಮೀನಲ್ಲ ಕಣವ್ವ. ನನ್ ಜಮೀನಾಗೆ ರಾಗಿ ಒಕ್ಕಣೆ ಮಾಡಿವ್ನಿ. ಗೋಡೆ ಮ್ಯಾಲೆ ಯಾರಾರ ಒಕ್ಕಣೆ ಮಾಡ್ತಾರಾ?"

ರಾಮನಗರದ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಒಂದೇ ಕೋಣೆಯ ಆಫೀಸು ಇಟ್ಟುಕೊಂಡಿದ್ದ ಶ್ವೇತ ಮನೆಗಳ ನಕ್ಷೆ ಬರೆದು ಬದುಕುವವಳು. ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷವಾಗಿತ್ತು. ಅವಳ ಹತ್ತಿರ ಇದ್ದ ತಂತ್ರಾಂಶಕ್ಕೆ ಜಾಗದ ಎತ್ತರ ತಗ್ಗುಗಳ ಅಂಕಿಗಳನ್ನು ತುಂಬಿದರೆ, ಅದು ನೆಲವನ್ನೇ ಎಬ್ಬಿಸಿ ಅದರ ಮೇಲೆ ಮನೆಯನ್ನು ಕೂರಿಸಿ ತೋರಿಸುತ್ತಿತ್ತು. ಇವತ್ತು ತುಂಬಿದ್ದು ಅವಳ ಅಂಕಿಗಳಲ್ಲ, ಕಂಪನಿಯವರದು.

ಮಾಗಡಿ ರಸ್ತೆಯ ಮೊರಬಂಡೆ ಬೆಟ್ಟದ ಬುಡವನ್ನೆಲ್ಲ ಆ ಕಂಪನಿ ಕೊಂಡಿತ್ತು. ಒಂದು ಕಡೆ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು, ಇನ್ನೊಂದು ಕಡೆ ಕಲ್ಲು ಸಿಡಿಸುತ್ತಿದ್ದರು. ನಡುವೆ, ಬೆಟ್ಟದ ಸೊಂಟದಲ್ಲಿ, ಬೋರಮ್ಮನ ಒಂದೂವರೆ ಎಕರೆ ಉಳಿದಿತ್ತು. ಅಲ್ಲೊಂದು ವಾಸದ ಮನೆ ಎದ್ದರೆ ಅಷ್ಟು ಹತ್ತಿರ ಮದ್ದು ಸಿಡಿಸುವಂತಿಲ್ಲ. ಹಾಗಾಗಿ ಬೋರಮ್ಮ ಮನೆಗೆ ಅರ್ಜಿ ಹಾಕಿದ ಕೂಡಲೇ ಕಂಪನಿ ತಕರಾರು ಹಾಕಿತು: ಜಾಗ ಕಡಿದಾದ ಇಳಿಜಾರು, ವಾಸಕ್ಕೆ ಅಪಾಯ. ಸಾಕ್ಷಿಗೆ ಒಂದು ಸರ್ವೆ ಫೈಲು. ಗುರುವಾರ ಹನ್ನೊಂದು ಗಂಟೆಗೆ ಯೋಜನಾ ಕಚೇರಿಯಲ್ಲಿ ವಿಚಾರಣೆ. ಇವತ್ತು ಮಂಗಳವಾರ.

ಶ್ವೇತ ಬೆಟ್ಟದ ಮೈಯನ್ನು ಮರೆಮಾಡಿ, ಅಳತೆಯ ಬಿಂದುಗಳಷ್ಟೇ ಕಾಣುವಂತೆ ಮಾಡಿದಳು. ಬುಡದಲ್ಲಿ ಹನ್ನೊಂದು ಚುಕ್ಕೆ, ನೆತ್ತಿಯಲ್ಲಿ ಏಳು. ನಡುವೆ ಒಂದೂ ಇರಲಿಲ್ಲ.

"ಸೊಂಟದ ಹತ್ರ ಯಾರೂ ಹತ್ತೇ ಇಲ್ಲಮ್ಮ," ಎಂದಳು ನಿಧಾನವಾಗಿ. "ಕೆಳಗಿನ ಚುಕ್ಕೆಗೂ ಮೇಲಿನ ಚುಕ್ಕೆಗೂ ಕಂಪ್ಯೂಟರ್ ತಾನೇ ಗೆರೆ ಎಳೆದುಬಿಟ್ಟಿದೆ. ನಿಮ್ಮ ಜಮೀನನ್ನ ನುಂಗಿ ಹಾಕಿದೆ."

"ಹಂಗಾರೆ ನಾವು ಹತ್ತಾನ," ಎಂದಳು ಬೋರಮ್ಮ.

ಆ ಸಂಜೆಯೇ ತಂಡ ಕೂಡಿತು. ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಅಳತೆ ಹಿಡಿಯುತ್ತಿದ್ದ ನಿಯಾಜ್ ತನ್ನ ಸ್ವಂತ ಟೋಟಲ್ ಸ್ಟೇಷನ್ ತರುತ್ತೇನೆಂದ. ಮುಕ್ಕಾಲಿಯ ಮೇಲೆ ಕೂರುವ ಆ ಯಂತ್ರ, ದೂರದಲ್ಲಿ ಹಿಡಿದ ಕೋಲಿನ ಗಾಜಿಗೆ ಕಿರಣ ಬಿಟ್ಟು, ಆ ಜಾಗದ ದೂರವನ್ನೂ ಎತ್ತರವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ದಾರಿ ತೋರಿಸಲು ಅಂಕಯ್ಯ ಬಂದ. ಮೂವತ್ತು ವರ್ಷ ಉಳಿ ಸುತ್ತಿಗೆ ಹಿಡಿದು ಬಂಡೆ ಸೀಳಿದವನು, ಬೋರಮ್ಮನ ಊರಿನವನೇ.

"ಮುಂದ್ಗಡೆ ಗೇಟೈತೆ," ಎಂದ ಅಂಕಯ್ಯ. "ಬೋರಕ್ಕನ್ನ ಬುಡ್ತಾರೆ, ಮಿಷನ್ನ ಬುಡಾಕಿಲ್ಲ. ಹಿಂದ್ಗಡೆ ಕೊರಕಲಲ್ಲಿ ಹತ್ತಬೇಕು. ಆಯ್ತದಾ ನಿಮ್ ಕೈಲಿ?"

"ಆಗದೆ ಇದ್ರೆ ಮನೆಯಿಂದ ಯಾಕೆ ಹೊರಡ್ತಿದ್ದೆ?" ಎಂದಳು ಶ್ವೇತ.

ಬುಧವಾರ ಬೆಳಗಿನ ಆರಕ್ಕೆ ಅವರು ಬೆಟ್ಟದ ಬೆನ್ನಿನ ಕಡೆ ಇದ್ದರು. ಮೊರಬಂಡೆ ಮೇಲಕ್ಕೆತ್ತಿ ಹಿಡಿದ ಮೊರದ ಹಾಗೆಯೇ ಇತ್ತು. ಬೂದುಬಣ್ಣದ ಒಂದೇ ಕಲ್ಲು, ಮಳೆನೀರು ಹರಿದು ಹರಿದು ಅದರ ಮೇಲೆ ಕಪ್ಪು ಪಟ್ಟೆಗಳು. ಬುಡದಲ್ಲಿ ಲಂಟಾನದ ಪೊದೆ, ಕಾರೆಮುಳ್ಳು, ಕಲ್ಲಿನ ಬಿರುಕಿಗೆ ಬೇರಿಳಿಸಿ ನಿಂತ ಬಸುರಿ ಮರಗಳು. ಮೇ ತಿಂಗಳ ಬಿಸಿಲು ಇನ್ನೂ ಏರಿರಲಿಲ್ಲ. ದೂರದಲ್ಲಿ ಮಂಜು ಹರಿದಂತೆ ಒಂದರ ಹಿಂದೊಂದು ಬೆಟ್ಟಗಳು ತಲೆ ಎತ್ತುತ್ತಿದ್ದವು, ಅವುಗಳ ನಡುವೆ ಹಿಪ್ಪುನೇರಳೆ ತೋಟಗಳ ಹಸಿರು ಚೌಕಗಳು.

ಕೊರಕಲು ಒಣಗಿತ್ತು. ಅಂಕಯ್ಯ ಮುಂದೆ, ಹೆಗಲಲ್ಲಿ ಹಗ್ಗ ಮತ್ತು ಎರಡು ಕಂಬಳಿ. ನಿಯಾಜ್ ಯಂತ್ರದ ಹಳದಿ ಪೆಟ್ಟಿಗೆಯನ್ನು ಮಗುವನ್ನು ಕಟ್ಟಿಕೊಂಡ ಹಾಗೆ ಬೆನ್ನಿಗೆ ಕಟ್ಟಿಕೊಂಡಿದ್ದ. ಶ್ವೇತಳ ಹೆಗಲಲ್ಲಿ ಮುಕ್ಕಾಲಿ. ಹಿಂದೆ ಸೆರಗು ಸಿಕ್ಕಿಸಿ, ಗಾಜಿನ ಕೋಲನ್ನು ಊರಿಕೊಂಡು ಬೋರಮ್ಮ.

ಅರ್ಧ ದಾರಿಯಲ್ಲಿ ಕೊರಕಲು ಮುಗಿದು ಎರಡಾಳೆತ್ತರದ ನುಣ್ಣನೆ ಬಂಡೆ ಎದುರಾಯಿತು. ಅಂಕಯ್ಯ ಬರಿಗಾಲಲ್ಲಿ ಹಲ್ಲಿಯಂತೆ ಏರಿ ಹಗ್ಗ ಬಿಟ್ಟ. ಶ್ವೇತ ಎರಡನೆಯವಳು.

ಕಾಲು ಜಾರಿತು.

ಹಗ್ಗ ಅಂಗೈಯನ್ನು ಉಜ್ಜಿಕೊಂಡು ಸರಿಯಿತು. ಮೊಣಕಾಲು ಕಲ್ಲಿಗೆ ಬಡಿಯಿತು. ಮುಕ್ಕಾಲಿ ಹೆಗಲಿನಿಂದ ಜಾರಿ ಕುತ್ತಿಗೆಗೆ ನೇತುಬಿತ್ತು.

"ಕೆಳಗೆ ನೋಡ್ಬ್ಯಾಡ ಕಣವ್ವ," ಮೇಲಿನಿಂದ ಅಂಕಯ್ಯ ಹೇಳಿದ. "ಎಡಗಾಲ ಪಕ್ಕ ಒಂದು ಕಣ್ಣೈತೆ. ಬೆರಳು ಇಕ್ಕು."

ಕಲ್ಲಿನ ಆ ಸಣ್ಣ ಕುಳಿಗೆ ಹೆಬ್ಬೆರಳು ಸಿಕ್ಕಿತು. ಅವಳು ಉಸಿರು ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡಳು. ಅಂಗೈಗಳ ಚರ್ಮ ಸುಲಿದಿತ್ತು. "ವಾಪಸ್ ಹೋಗೋಣ್ವಾ ಮೇಡಂ?" ಎಂದ ಕೆಳಗಿನಿಂದ ನಿಯಾಜ್.

"ಪೆಟ್ಟಿಗೆ ಹಗ್ಗಕ್ಕೆ ಕಟ್ಟಿ ನಿಯಾಜಣ್ಣ," ಎಂದಷ್ಟೇ ಹೇಳಿದಳು ಶ್ವೇತ.

ಒಂಬತ್ತಕ್ಕೆ ಅವರು ಬೆಟ್ಟದ ಸೊಂಟ ಮುಟ್ಟಿದರು. ಶ್ವೇತ ನಿಂತಲ್ಲೇ ನಿಂತಳು. ಎದುರಿಗೆ ಅಂಗಳದಂತೆ ಚಪ್ಪಟೆಯಾದ ಕೆಮ್ಮಣ್ಣಿನ ತಟ್ಟು, ಅದರಲ್ಲಿ ರಾಗಿಯ ಒಣ ಕೂಳೆ, ಅಂಚಿಗೆ ಎರಡು ಹುಣಸೆ ಮರ, ಬಿದ್ದುಹೋದ ಹಳೆ ಮನೆಯ ಮಣ್ಣಿನ ದಿಬ್ಬ. ಕಂಪನಿಯ ಫೈಲಿನಲ್ಲಿ ಇಷ್ಟೂ ಇರಲಿಲ್ಲ.

ಕೆಲಸ ಶುರುವಾಯಿತು. ಬೋರಮ್ಮ ಕೋಲು ಹಿಡಿದು ತನ್ನ ಜಮೀನಿನ ಮೂಲೆ ಮೂಲೆಗೂ ನಡೆದಳು. ನಿಂತಳು, ಕೋಲು ನೆಟ್ಟಗೆ ಹಿಡಿದಳು, ನಿಯಾಜ್ ಕೈ ಎತ್ತಿದ ಮೇಲೆ ಐದು ಹೆಜ್ಜೆ ಮುಂದೆ ಹೋದಳು. ತಟ್ಟಿನ ಅಂಚು, ಬದು, ನೀರಿಳಿಯುವ ಜಾಡು. ಬಂಡೆಯ ಕಡಿದಾದ ಕಡೆ ಅಂಕಯ್ಯ ಕೋಲು ತೆಗೆದುಕೊಂಡ. ಹನ್ನೆರಡೂವರೆಗೆ ಮುನ್ನೂರ ಎಂಬತ್ತು ಬಿಂದುಗಳಾಗಿದ್ದವು.

ಒಂದಕ್ಕೆ ಕೆಳಗೆ ಸೈರನ್ ಕೂಗಿತು. ಹಿಂದೆಯೇ ನೆಲ ಒದ್ದಂತಾಯಿತು. ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಕಲ್ಲು ಸಿಡಿದಿತ್ತು.

ಸದ್ದು ಅಡಗಿತು. ಆದರೆ ಇನ್ನೊಂದು ಸದ್ದು ಎದ್ದಿತು. ಮೇಲಿನ ಚಾಚುಬಂಡೆಯಿಂದ ಕಪ್ಪು ಪರದೆಯೊಂದು ಕಳಚಿ ಗಾಳಿಗೆ ಬಂತು.

"ಹೆಜ್ಜೇನು," ಎಂದ ಅಂಕಯ್ಯ. "ಓಡ್ಬ್ಯಾಡಿ. ಕಂಬಳಿ ಎಳ್ಕಳಿ, ಅಲ್ಲಾಡ್ಬ್ಯಾಡಿ."

ಅಂಕಯ್ಯ ಬೋರಮ್ಮನನ್ನು ದಿಬ್ಬದ ಮರೆಗೆಳೆದು ಒಂದು ಕಂಬಳಿಯಲ್ಲಿ ಸುತ್ತಿಕೊಂಡ. ಇನ್ನೊಂದರ ಕೆಳಗೆ ನಿಯಾಜ್, ಶ್ವೇತ, ನಡುವೆ ಮುಕ್ಕಾಲಿಯ ಸಮೇತ ಯಂತ್ರ. ಕಂಬಳಿಯ ಮೇಲೆ ಆಲಿಕಲ್ಲಿನಂತೆ ಹುಳುಗಳು ಬಡಿದವು. ಒಂದು ಶ್ವೇತಳ ಹಿಮ್ಮಡಿಗೆ ಕುಟುಕಿತು. ಇನ್ನೊಂದು. ಅವಳು ಹಲ್ಲು ಕಚ್ಚಿಕೊಂಡಳು. ನಿಯಾಜನ ಕಿವಿ ಊದಿಕೊಂಡು ಕೆಂಪಗಾಗಿತ್ತು. ಅವನು ತುಟಿ ಅಲುಗಿಸುತ್ತ ದುವಾ ಹೇಳಿಕೊಳ್ಳುತ್ತಿದ್ದ, ಎರಡೂ ಕೈ ಮಾತ್ರ ಯಂತ್ರದ ಮೇಲೆ.

ಮುಕ್ಕಾಲು ಗಂಟೆಯಾದ ಮೇಲೆ ಹುಳುಗಳು ಕಡಿಮೆಯಾದವು. ಕಾರಣ ಆಮೇಲೆ ಗೊತ್ತಾಯಿತು: ಕಂಬಳಿ ಸರಿಸಿದಾಗ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು.

"ಇನ್ನೆಷ್ಟು ಐತೆ?" ಎಂದ ಅಂಕಯ್ಯ.

"ಮೇಲಿನ ಅಂಚು. ಮೂವತ್ತೆರಡು," ಎಂದಳು ಶ್ವೇತ. "ಅದಿಲ್ಲದೆ ಹೋದ್ರೆ ಬೆಟ್ಟ ಮನೆ ಮೇಲೆ ಬೀಳುತ್ತೆ ಅಂತ ವಾದ ಮಾಡ್ತಾರೆ. ಅಳೆದುಬಿಡೋಣ."

ಅಳೆದರು. ಊದಿದ ಕಾಲಲ್ಲಿ, ಊದಿದ ಕಿವಿಯಲ್ಲಿ, ಗುಡುಗಿನ ಕೆಳಗೆ. ನಾನೂರ ಹನ್ನೆರಡನೆಯ ಬಿಂದು ಬಿದ್ದಾಗ ಮೊದಲ ಹನಿ ಯಂತ್ರದ ಪರದೆಯ ಮೇಲೆ ಬಿತ್ತು. ಎದುರಿನ ಬೆಟ್ಟಕ್ಕೆ ಸಿಡಿಲು ಬಡಿಯಿತು. ಯಂತ್ರ ಪೆಟ್ಟಿಗೆ ಸೇರುವಷ್ಟರಲ್ಲೇ ಮಳೆ ಕೊಡದಿಂದ ಸುರಿದಂತೆ ಸುರಿಯಿತು. ಕೋಲು, ಮುಕ್ಕಾಲಿಯನ್ನು ದೂರ ಮಲಗಿಸಿ ನಾಲ್ವರೂ ತಗ್ಗಿನಲ್ಲಿ ಮುದುರಿ ಕೂತರು.

ಮಳೆ ನಿಂತಾಗ ಹತ್ತಿ ಬಂದ ಕೊರಕಲಿನಲ್ಲಿ ಕೆಂಪು ನೀರು ಗುಂಡುಕಲ್ಲುಗಳನ್ನು ಉರುಳಿಸುತ್ತಿತ್ತು. ಇಳಿಯುವ ಮಾತೇ ಇರಲಿಲ್ಲ.

"ಇನ್ನು ಮುಂದ್ಗಡೆ ದಾರಿ ಒಂದೇಯ," ಎಂದ ಅಂಕಯ್ಯ.

ಗೇಟಿನ ಹತ್ತಿರ ಕಾವಲಿನವನ ಜೊತೆ ಕಂಪನಿಯ ಎಂಜಿನಿಯರ್ ಅಶ್ವಥ್ ನಿಂತಿದ್ದ. ಕೆಸರು ಮೆತ್ತಿದ ನಾಲ್ವರನ್ನು ನೋಡಿ ಅವನ ಹುಬ್ಬು ಗಂಟಾಯಿತು. "ಯಾರ್ ಪರ್ಮಿಷನ್ ತಗೊಂಡು ಸರ್ವೆ ಮಾಡಿದ್ರಿ? ಮಿಷನ್ನಲ್ಲಿರೋದು ಅಳಿಸಿ, ಆಮೇಲೆ ಹೋಗಿ."

ಶ್ವೇತಳ ಕಾಲು ಉರಿಯುತ್ತಿತ್ತು, ಕೈ ಉರಿಯುತ್ತಿತ್ತು. ಭಯವೂ ಇತ್ತು. ಆದರೂ ಮುಕ್ಕಾಲಿ ಇಳಿಸಲಿಲ್ಲ. "ಜಮೀನಿನ ಮಾಲೀಕರೇ ಕೋಲು ಹಿಡಿದು ಅಳೆಸಿದಾರೆ. ಇನ್ಯಾರ ಪರ್ಮಿಷನ್ ಬೇಕು ಸರ್?"

"ಈ ರಸ್ತೆ ಕಂಪನೀದು."

"ಊರಿನ ನಕ್ಷೆಯಲ್ಲಿ ಇದು ಬಂಡಿದಾರಿ. ನಿಮ್ಮ ಗೇಟು ಆ ನಕ್ಷೆಯಲ್ಲಿಲ್ಲ. ಅಳಿಸಲೇಬೇಕು ಅಂದ್ರೆ ಬರೆದುಕೊಡಿ, ನಾಳೆ ಕಚೇರಿಯಲ್ಲಿ ಅದನ್ನೇ ಕೊಡ್ತೀನಿ."

ಅಶ್ವಥ್ ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟ. ಅಂಕಯ್ಯ ನಡುವೆ ಬಂದು ನಿಂತ. ಬೋರಮ್ಮ ಯಾರ ಮುಖವನ್ನೂ ನೋಡಲಿಲ್ಲ. ನೇರ ಹೋಗಿ ಗೇಟಿನ ಕಂಬಿ ಎತ್ತಿದಳು.

"ನಮ್ಮತ್ತೆ ಈ ದಾರೀಲೇ ಮದ್ವೆಯಾಗಿ ಬಂದಿದ್ದು, ಇದೇ ದಾರೀಲೇ ಹೆಣವಾಗಿ ಹೋಗಿದ್ದು," ಎಂದಳು. "ಬನ್ನಿ, ಹೊತ್ತಾಯ್ತು."

ಕಾವಲಿನವನು ಪಕ್ಕಕ್ಕೆ ಸರಿದ.

ಐದು ಗಂಟೆಗೆ ರಾಮನಗರದಲ್ಲಿ ಪೆಟ್ಟಿಗೆ ತೆಗೆದರೆ ಯಂತ್ರದ ಗಾಜಿನ ಒಳಗೆ ಹಬೆ ಕಟ್ಟಿತ್ತು. ಗುಂಡಿ ಒತ್ತಿದರೆ ಪರದೆ ಬೆಳಗಲಿಲ್ಲ. ನಿಯಾಜ್ ಅದನ್ನೆತ್ತಿಕೊಂಡು ತನ್ನ ಮನೆಗೆ ಓಡಿದ, ಉಳಿದವರು ಅವನ ಹಿಂದೆ. ಅವನ ಮನೆಯವರು ರೇಷ್ಮೆ ನೂಲು ಬಿಚ್ಚುವವರು. ನೂಲಿನ ಲಡಿಗಳನ್ನು ಒಣಗಿಸಲು ಒಲೆಯ ಹಿಂದೆ ಒಂದು ಬೆಚ್ಚನೆಯ ಕೋಣೆ ಇತ್ತು. ಅವನ ಹೆಂಡತಿ ದಿಲ್ಶಾದ್ ಲಡಿಗಳನ್ನು ಸರಿಸಿ ಜಾಗ ಮಾಡಿದಳು, ಬ್ಯಾಟರಿಯನ್ನು ಒಣ ಬಟ್ಟೆಯಲ್ಲಿ ಒರೆಸಿಟ್ಟಳು, ಆಮೇಲೆ ಸುಣ್ಣ ತಂದು ಎಲ್ಲರ ಕುಟುಕುಗಳಿಗೆ ಹಚ್ಚಿದಳು.

"ನೂಲೇ ಒಣಗ್ತದೆ, ಇದು ಒಣಗಲ್ವಾ?" ಎಂದಳು. "ಟೀ ಕುಡೀರಿ ಮೊದ್ಲು."

ದೀಪ ಹಚ್ಚುವ ಹೊತ್ತಿಗೆ ಪರದೆ ಬೆಳಗಿತು.

ಶ್ವೇತಳ ಆಫೀಸಿನಲ್ಲಿ ಕೇಬಲ್ ಸಿಕ್ಕಿಸಿದರು. ಅಂಕಿಗಳು ಸಾಲುಸಾಲಾಗಿ ಇಳಿದವು. ಅವನ್ನು ತಂತ್ರಾಂಶಕ್ಕೆ ತುಂಬಿದಾಗ ನೆಲ ಎದ್ದಿತು. ತಟ್ಟು ಬಂತು, ಬದು ಬಂತು. ನಿಯಾಜ್ ನಕ್ಕ.

ಬೋರಮ್ಮ ನಗಲಿಲ್ಲ. "ತಪ್ಪೈತೆ. ಮನೆ ಬಾಗ್ಲಲ್ಲಿ ನಿಂತ್ರೆ ದೊಡ್ಡ ಬಂಡೆ ಬಲಕ್ಕೈತೆ. ಇದ್ರಾಗೆ ಎಡಕ್ಕೆ ಕುಂತದೆ. ಕನ್ನಡೀಲಿ ನೋಡ್ದಂಗೈತೆ."

ಶ್ವೇತ ಅಂಕಿಗಳ ಪಟ್ಟಿ ತೆಗೆದು ಬೆರಳಿಟ್ಟು ನೋಡುತ್ತ ಹೋದಳು. ಯಂತ್ರ ಉತ್ತರದ ದೂರವನ್ನು ಮೊದಲು ಬರೆದಿತ್ತು, ಪೂರ್ವದ್ದನ್ನು ಆಮೇಲೆ. ತಂತ್ರಾಂಶ ಪೂರ್ವವೇ ಮೊದಲೆಂದು ಓದಿಕೊಂಡಿತ್ತು. ಎರಡು ಕಾಲಂಗಳನ್ನು ಅದಲುಬದಲು ಮಾಡಿ ಮತ್ತೆ ತುಂಬಿದಳು.

ಮೊರಬಂಡೆ ಮಗ್ಗುಲು ಬದಲಿಸಿ ಎದ್ದಿತು. ಶ್ವೇತ ಮನೆಯನ್ನು ತಂದು ತಟ್ಟಿನ ಮೇಲಿಟ್ಟಳು. ನಾಲ್ಕೂ ಗೋಡೆ ನೆಲಕ್ಕೆ ಕೂತವು.

"ಹಾಂ," ಎಂದಳು ಬೋರಮ್ಮ. "ಈಗ ನಮ್ದು."

ಗುರುವಾರ ಹನ್ನೊಂದಕ್ಕೆ ಯೋಜನಾ ಕಚೇರಿಯ ಅಧಿಕಾರಿಯ ಮೇಜಿನ ಮೇಲೆ ಎರಡೂ ಫೈಲುಗಳು ಅಕ್ಕಪಕ್ಕ ತೆರೆದಿದ್ದವು. ಒಂದರಲ್ಲಿ ಹದಿನೆಂಟು ಚುಕ್ಕೆ, ಇನ್ನೊಂದರಲ್ಲಿ ನಾನೂರ ಹನ್ನೆರಡು. ಖಾಸಗಿ ಅಳತೆಯನ್ನು ನಂಬಲಾಗದು ಎಂದು ಅಶ್ವಥ್ ಉದ್ದಕ್ಕೆ ವಾದಿಸಿದ.

ಅಧಿಕಾರಿ ಕನ್ನಡಕ ತೆಗೆದರು. "ಅದಿರಲಿ. ಈ ತಟ್ಟಿನ ಮೇಲೆ ನೀವು ಯಾವತ್ತಾದ್ರೂ ನಿಂತಿದ್ದೀರಾ?"

ಅಶ್ವಥ್ ಫೈಲು ಮಗುಚುತ್ತ ಕೂತ.

ಮೂರು ದಿನ ಬಿಟ್ಟು ಅಧಿಕಾರಿಯೇ ಬೆಟ್ಟ ಹತ್ತಿ ಬಂದರು. ಮನೆಯ ಹಿಂದೆ ಮಳೆನೀರಿಗೆ ಕಲ್ಲುಚರಂಡಿ ಕಟ್ಟಬೇಕು ಎಂಬ ಒಂದು ಷರತ್ತಿನ ಮೇಲೆ ಪರವಾನಗಿ ಮಂಜೂರಾಯಿತು. ಚರಂಡಿಯ ಕಲ್ಲು ತಾನು ಸೀಳುತ್ತೇನೆಂದು ಅಂಕಯ್ಯ ಅಲ್ಲೇ ಹೇಳಿದ.

ಅಂತಿಮ ನಕ್ಷೆ ಒಪ್ಪಿಸಲು ಶ್ವೇತ ಹೋದಾಗ ಗುಮಾಸ್ತ ಕೆಳಗಿನ ಮೂಲೆ ನೋಡಿ ತಡೆದ. "ಅಳತೆ ಮಾಡಿದವರು ಅನ್ನೋ ಕಡೆ ನಾಲ್ಕು ಹೆಸರು ಹಾಕಿದ್ದೀರಲ್ಲ. ನಿಮ್ಮದೊಂದು ಸಾಕು. ಅಳಿಸಿ ತನ್ನಿ."

ಶ್ವೇತ ನಕ್ಷೆಯನ್ನು ಅವನ ಮುಂದೆಯೇ ಬಿಟ್ಟಳು. ಅಂಗೈಯ ಗಾಯ ಇನ್ನೂ ಮಾಗಿರಲಿಲ್ಲ.

"ಅಳೆದವರು ನಾಲ್ಕು ಜನ ಸರ್," ಎಂದಳು. "ಹಾಗೇ ಇರಲಿ."

ಗುಮಾಸ್ತ ಅವಳನ್ನು ನೋಡಿದ, ನಕ್ಷೆಯನ್ನು ನೋಡಿದ. ಆಮೇಲೆ ಮೊಹರು ಎತ್ತಿ ಒತ್ತಿದ.